ಗಣಕ ಸಂಗಾತಿ: ಮ್ಯಾಕ್ರೋ ಓದಿದ್ದು ಸರಿಯೇ?



ಇಂದು ಹೆಚ್ಚುಕಡಿಮೆ ಪ್ರತಿಯೊಂದು ಊರಿನಲ್ಲೂ ಪಟ್ಟಿ ಬರೆದಿಡುವ ಒಬ್ಬ ಹುಡುಗನೋ ಹುಡುಗಿಯೋ ಇದ್ದಾರೆ. ಕುಟುಂಬಗಳ ಪಟ್ಟಿ, ಸ್ವಸಹಾಯ ಸಂಘದ ಉಳಿತಾಯದ ಲೆಕ್ಕ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳ ವಿವರ, ಹಬ್ಬದ ವಂತಿಗೆ ಎಲ್ಲವೂ ಇವರ ಗಣಕಯಂತ್ರದ ಎಕ್ಸೆಲ್ ಹಾಳೆಗಳಲ್ಲಿರುತ್ತವೆ. ಮನೆಮನೆಗೆ ಹೋಗಿ ಮೊಬೈಲಿನಲ್ಲಿ ತುಂಬಿಸಿದ ಮಾಹಿತಿ ಒಂದು ಪಠ್ಯ ಕಡತವಾಗಿ ಬರುತ್ತದೆ. ಬ್ಯಾಂಕಿನ ವಿವರ ಇನ್ನೊಂದು ಕಡತದಲ್ಲಿರುತ್ತದೆ. ಅವನ್ನೆಲ್ಲ ಕೈಯಿಂದ ಮತ್ತೆ ಟೈಪು ಮಾಡಲು ಬೇಸತ್ತವರು ಮ್ಯಾಕ್ರೋ ಬರೆಯಲು ಕಲಿಯುತ್ತಾರೆ. ಇದು ಒಳ್ಳೆಯ ಬೆಳವಣಿಗೆ.

ಮ್ಯಾಕ್ರೋ ಎಂದರೆ ಎಕ್ಸೆಲ್‌ಗೆ ನಾವು ಬರೆದುಕೊಡುವ ಆಜ್ಞೆಗಳ ಸರಮಾಲೆ. 'ಈ ಕಡತವನ್ನು ತೆರೆ, ಒಂದೊಂದೇ ಸಾಲು ಓದು, ಅಲ್ಪವಿರಾಮ ಬಂದಲ್ಲಿ ತುಂಡುಮಾಡು, ಒಂದೊಂದು ತುಂಡನ್ನು ಒಂದೊಂದು ಕೋಶದಲ್ಲಿ ಇಡು' ಎಂದು ವಿಬಿಎ ಎಂಬ ಗಣಕ ಭಾಷೆಯಲ್ಲಿ ಹೇಳಿದರೆ, ಒಂದು ದಿನದ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತದೆ. ಆದರೆ ಕಡತ ಓದುವ ಮ್ಯಾಕ್ರೋಗಳು ತೊಂದರೆ ಕೊಡುವುದೂ ಹೆಚ್ಚು. ಈ ಸಂಚಿಕೆಯಲ್ಲಿ ಆ ತೊಂದರೆಗಳನ್ನು ಹುಡುಕಿ ಸರಿಪಡಿಸುವ ಬಗೆಯನ್ನು ನೋಡೋಣ.

ಮೊದಲೇ ಒಂದು ಮಾತು. ಮ್ಯಾಕ್ರೋ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ನಡುವೆ ನಿಂತು ಪರದೆಯ ಮೇಲೆ ದೋಷದ ಸಂಖ್ಯೆಯನ್ನು ತೋರಿಸುವುದು. ಇನ್ನೊಂದು, ಎಲ್ಲೂ ನಿಲ್ಲದೆ ಕೊನೆಯವರೆಗೆ ಓಡಿ ತಪ್ಪು ಮಾಹಿತಿಯನ್ನು ಅಚ್ಚುಕಟ್ಟಾಗಿ ಜೋಡಿಸಿಡುವುದು. ಮೊದಲನೆಯದನ್ನು ಕಂಡು ನಾವು ಗಾಬರಿಯಾಗುತ್ತೇವೆ, ಎರಡನೆಯದನ್ನು ಕಂಡು ಸಂತೋಷಪಡುತ್ತೇವೆ. ನಿಜವಾಗಿ ಗಾಬರಿಯಾಗಬೇಕಾದದ್ದು ಎರಡನೆಯದಕ್ಕೆ. ನಿಂತ ಮ್ಯಾಕ್ರೋ ಯಾರಿಗೂ ಹಾನಿ ಮಾಡುವುದಿಲ್ಲ. ತಪ್ಪಾಗಿ ಓದಿಯೂ ಓಡಿದ ಮ್ಯಾಕ್ರೋದಿಂದ ಯಾವುದೋ ಮನೆಯ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ, ಯಾವುದೋ ಮಗುವಿನ ಹುಟ್ಟಿದ ದಿನ ಬದಲಾಗುತ್ತದೆ. ಪಟ್ಟಿಯಲ್ಲಿ ಇಲ್ಲದವರಿಗೆ ತಾವು ಇಲ್ಲವೆಂಬುದು ತಿಳಿಯುವುದೂ ಇಲ್ಲ.

ಇಂಗ್ಲೆಂಡಿನಲ್ಲಿ ನಡೆದದ್ದು

ಇದು ಸಣ್ಣ ಊರಿನ ಸಣ್ಣ ಪಟ್ಟಿಯ ಸಮಸ್ಯೆ ಮಾತ್ರ ಎಂದು ತಿಳಿಯಬೇಡಿ. 2020ರಲ್ಲಿ ಕೊರೊನಾ ಸಾಂಕ್ರಾಮಿಕ ಹಬ್ಬಿದ್ದಾಗ, ಇಂಗ್ಲೆಂಡಿನ ಪ್ರಯೋಗಾಲಯಗಳು ಸೋಂಕಿತರ ವಿವರವನ್ನು ಪಠ್ಯ ಕಡತಗಳಲ್ಲಿ ಕಳುಹಿಸುತ್ತಿದ್ದವು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅವನ್ನು ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಗೆ ತುಂಬಿಸುತ್ತಿತ್ತು. ಆ ಹಳೆಯ ಹಾಳೆಯಲ್ಲಿ ಇರುವುದು 65,536 ಸಾಲುಗಳು ಮಾತ್ರ. ಅದು ತುಂಬಿದ ಮೇಲೆ ಬಂದ ಸಾಲುಗಳು ಹಾಳೆಗೆ ಸೇರಲೇ ಇಲ್ಲ. ಹೀಗೆ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ಲೆಕ್ಕ ದಿನನಿತ್ಯದ ವರದಿಯಿಂದ ಬಿಟ್ಟುಹೋಯಿತು. ಸೋಂಕಿತರಿಗೆ ತಮ್ಮ ಪರೀಕ್ಷೆಯ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು.

2007ರ ಎಕ್ಸೆಲ್‌ನಿಂದ ಈಚೆಗೆ ಹೊಸ ಮಾದರಿಯ ಹಾಳೆಯಲ್ಲಿ 10,48,576 ಸಾಲುಗಳಿವೆ. ಅಂದರೆ ದೊಡ್ಡ ಪಾತ್ರೆ ಪಕ್ಕದಲ್ಲೇ ಇತ್ತು. ಆದರೆ ಕೊರತೆಯಾದದ್ದು ಪಾತ್ರೆಯೊಂದೇ ಅಲ್ಲ. 'ಕಳುಹಿಸಿದ್ದು ಎಷ್ಟು, ತಲುಪಿದ್ದು ಎಷ್ಟು' ಎಂಬ ಲೆಕ್ಕ ತಾಳೆಯಾಗುತ್ತಿದ್ದರೆ ಮೊದಲ ದಿನವೇ ವಿಷಯ ಬಯಲಾಗುತ್ತಿತ್ತು. ಈ ಪಾಠವನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಮ್ಯಾಕ್ರೋದ ಕಡೆಗೆ ಬರೋಣ.

ಮ್ಯಾಕ್ರೋ ನಿಂತುಬಿಟ್ಟರೆ

ಮ್ಯಾಕ್ರೋ ನಿಂತಾಗ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ. ಅದನ್ನು ಅಳಿಸುವ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ವೈದ್ಯರಿಗೆ ಜ್ವರದ ಅಳತೆ ಹೇಗೋ ನಮಗೆ ಈ ಸಂಖ್ಯೆ ಹಾಗೆ. ಹೆಚ್ಚಾಗಿ ಕಾಣುವ ಸಂಖ್ಯೆಗಳು ಇವು.

ಸಂಖ್ಯೆ 53 ಬಂದರೆ ಕಡತ ಸಿಗಲಿಲ್ಲ ಎಂದು ಅರ್ಥ. ಸಂಖ್ಯೆ 76 ಬಂದರೆ ಆ ಕಡತ ಇರಬೇಕಾದ ಫೋಲ್ಡರೇ ಸಿಗಲಿಲ್ಲ ಎಂದು ಅರ್ಥ. 'ಕಡತ ಕಣ್ಣೆದುರಿಗೇ ಇದೆಯಲ್ಲ' ಎಂದು ನೀವು ಹೇಳಬಹುದು. ಆದರೆ ಬರಿಯ ಹೆಸರನ್ನು ಮಾತ್ರ ಕೊಟ್ಟರೆ ಮ್ಯಾಕ್ರೋ ಅದನ್ನು ಹುಡುಕುವುದು ಎಕ್ಸೆಲ್ ಆಗ ಯಾವ ಫೋಲ್ಡರಿನಲ್ಲಿ ಕೆಲಸಮಾಡುತ್ತಿದೆಯೋ ಅಲ್ಲಿ. ನಿಮ್ಮ ಹಾಳೆ ಇರುವ ಫೋಲ್ಡರ್ ಅದೇ ಆಗಿರಬೇಕೆಂದಿಲ್ಲ. ಆದ್ದರಿಂದ ಯಾವಾಗಲೂ ಪೂರ್ತಿ ವಿಳಾಸವನ್ನು ಕೊಡಬೇಕು. 'ದಿಸ್‌ವರ್ಕ್‌ಬುಕ್ ಪಾತ್' ಎಂಬ ಆಜ್ಞೆ ನಿಮ್ಮ ಹಾಳೆ ಇರುವ ಜಾಗವನ್ನು ಹೇಳುತ್ತದೆ. ಅದರ ಮುಂದೆ ಓರೆಗೀಟು ಮತ್ತು ಕಡತದ ಹೆಸರನ್ನು ಸೇರಿಸಿ. ಹಾಳೆಯನ್ನು ಒನ್‌ಡ್ರೈವ್‌ನಲ್ಲಿ ಇಟ್ಟಿದ್ದರೆ ಆ ಆಜ್ಞೆ ಅಂತರಜಾಲದ ವಿಳಾಸವನ್ನು ಕೊಡಬಹುದು. ಆಗಲೂ ಕಡತ ಸಿಗುವುದಿಲ್ಲ. ಅಂಥ ಸಂದರ್ಭದಲ್ಲಿ ಹಾಳೆ ಮತ್ತು ಕಡತ ಎರಡನ್ನೂ ಗಣಕದ ಸಾಮಾನ್ಯ ಫೋಲ್ಡರಿಗೆ ತಂದುಕೊಳ್ಳುವುದು ಸುಲಭ.

ಇನ್ನೂ ಒಂದು ಮೋಸವಿದೆ. ವಿಂಡೋಸ್ ಪರಿಚಿತ ಕಡತಗಳ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. 'ಪಟ್ಟಿ ಡಾಟ್ ಟಿಎಕ್ಸ್‌ಟಿ' ಎಂದು ನಿಮಗೆ ಕಾಣುವ ಕಡತದ ನಿಜವಾದ ಹೆಸರಿನಲ್ಲಿ ಆ ಬಾಲ ಎರಡು ಸಲ ಇರಬಹುದು. ಫೋಲ್ಡರಿನ 'ವ್ಯೂ' ವಿಭಾಗದಲ್ಲಿ ಹೆಸರಿನ ಬಾಲ ತೋರಿಸುವ ಆಯ್ಕೆಯನ್ನು ಗುರುತುಮಾಡಿದರೆ ನಿಜ ತಿಳಿಯುತ್ತದೆ. ಹಾಗೆಯೇ ಜಿಪ್ ಗಂಟಿನೊಳಗಿರುವ ಕಡತವನ್ನು ಗಂಟು ಬಿಚ್ಚಿ ಹೊರಗಿಟ್ಟ ಮೇಲೆಯೇ ಬಳಸಬೇಕು.

ಸಂಖ್ಯೆ 55 ಬಂದರೆ ಕಡತ ಈಗಾಗಲೇ ತೆರೆದಿದೆ ಎಂದರ್ಥ. ಹಿಂದಿನ ಸಲ ಮ್ಯಾಕ್ರೋ ನಡುವೆ ನಿಂತಾಗ 'ಕ್ಲೋಸ್' ಆಜ್ಞೆಯವರೆಗೆ ತಲುಪಿಲ್ಲ, ಬಾಗಿಲು ತೆರೆದೇ ಉಳಿದಿದೆ. ವಿಬಿಎ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ 'ಇಮ್ಮೀಡಿಯೆಟ್' ಕಿಟಕಿಯಲ್ಲಿ 'ಕ್ಲೋಸ್' ಎಂದು ಬರೆದು ಎಂಟರ್ ಒತ್ತಿದರೆ ತೆರೆದಿರುವ ಕಡತಗಳು ಮುಚ್ಚಿಕೊಳ್ಳುತ್ತವೆ. ಕಡತಕ್ಕೆ 1, 2 ಎಂದು ನೀವೇ ಸಂಖ್ಯೆ ಕೊಡುವ ಬದಲು 'ಫ್ರೀಫೈಲ್' ಆಜ್ಞೆಯಿಂದ ಖಾಲಿ ಇರುವ ಸಂಖ್ಯೆಯನ್ನು ಕೇಳಿ ಪಡೆಯುವುದು ಕ್ಷೇಮ. ಸಂಖ್ಯೆ 70 ಬಂದರೆ ಸಾಮಾನ್ಯವಾಗಿ ಅದೇ ಕಡತವನ್ನು ಬೇರೊಂದು ತಂತ್ರಾಂಶ ಹಿಡಿದಿಟ್ಟುಕೊಂಡಿದೆ ಎಂದು ತಿಳಿಯಿರಿ.

ಸಂಖ್ಯೆ 62 ಬಂದರೆ ಕಡತ ಮುಗಿದ ಮೇಲೂ ಮ್ಯಾಕ್ರೋ ಓದಲು ಹೊರಟಿದೆ. ಪ್ರತಿ ಸಾಲನ್ನು ಓದುವ ಮೊದಲು 'ಇಒಎಫ್' ಆಜ್ಞೆಯಿಂದ 'ಮುಗಿಯಿತೇ' ಎಂದು ಕೇಳುವುದು ಅದಕ್ಕೆ ಮದ್ದು. ಸಂಖ್ಯೆ 9 ಬಂದರೆ ಯಾವುದೋ ಸಾಲಿನಲ್ಲಿ ತುಂಡುಗಳು ಕಡಿಮೆಯಿವೆ. ಆರನೆಯ ತುಂಡನ್ನು ಕೇಳಿದಿರಿ, ಆ ಸಾಲಿನಲ್ಲಿ ನಾಲ್ಕೇ ಇವೆ. ಹೆಚ್ಚಾಗಿ ಇದು ಕಡತದ ಕೊನೆಯ ಖಾಲಿ ಸಾಲು ಆಗಿರುತ್ತದೆ. ಸಂಖ್ಯೆ 6 ಬಂದರೆ ಎಣಿಕೆ ಪಾತ್ರೆ ತುಂಬಿ ಹರಿದಿದೆ. ಸಾಲುಗಳನ್ನು ಎಣಿಸಲು 'ಇಂಟಿಜರ್' ಬಳಸಿದರೆ ಅದು 32,767ಕ್ಕೆ ಮುಗಿಯುತ್ತದೆ. ಅದರ ಬದಲು 'ಲಾಂಗ್' ಎಂದು ಬರೆಯಿರಿ.

ಯಾವ ಸಾಲಿನಲ್ಲಿ ತೊಂದರೆ ಎಂದು ಹುಡುಕಲು ಎಫ್8 ಕೀಲಿ ಒಳ್ಳೆಯ ಸಾಧನ. ಒಂದು ಸಲ ಒತ್ತಿದರೆ ಮ್ಯಾಕ್ರೋ ಒಂದೇ ಹೆಜ್ಜೆ ಇಡುತ್ತದೆ. ಅವಸರವಿಲ್ಲದೆ ಹತ್ತು ಹೆಜ್ಜೆ ಅದರ ಜೊತೆ ನಡೆದರೆ ಸಾಕು, ಅರ್ಧ ತೊಂದರೆಗಳು ಕಣ್ಣಿಗೆ ಬೀಳುತ್ತವೆ.

ಬಾಯಿ ಮುಚ್ಚಿಸುವ ಆಜ್ಞೆ

ಕೆಲವರು ದೋಷದ ಕಾಟ ತಾಳಲಾರದೆ ಮ್ಯಾಕ್ರೋದ ಮೊದಲ ಸಾಲಿನಲ್ಲಿಯೇ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂದು ಬರೆದುಬಿಡುತ್ತಾರೆ. 'ಏನೇ ಕೆಟ್ಟರೂ ಹೇಳಬೇಡ, ಮುಂದಕ್ಕೆ ಹೋಗು' ಎಂದು ಇದರ ಅರ್ಥ. ಮನೆಯ ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗಿದಂತೆ ಇದು. ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಕಳ್ಳನಿಗೂ ಕೆಲಸ ಚೆನ್ನಾಗಿ ಆಗುತ್ತದೆ. ಈ ಆಜ್ಞೆಗೆ ತನ್ನದೇ ಆದ ಉಪಯೋಗಗಳಿವೆ, ಆದರೆ ಅದು ಒಂದೆರಡು ಸಾಲಿಗೆ ಮಾತ್ರ ಇರಬೇಕು. ಕಡತ ಓದುವ ಮ್ಯಾಕ್ರೋಗೆ ಪೂರ್ತಿಯಾಗಿ ಇದನ್ನು ಹೊದಿಸಿದರೆ, ಮೊದಲ ಬಗೆಯ ನಿರಪಾಯಕಾರಿ ತೊಂದರೆಗಳೆಲ್ಲ ಎರಡನೆಯ ಬಗೆಯ ಮೌನ ತೊಂದರೆಗಳಾಗಿ ಬದಲಾಗುತ್ತವೆ. ಇದ್ದರೆ ಮೊದಲು ತೆಗೆದುಹಾಕಿ.

ಮೌನವಾಗಿ ತಪ್ಪಿದರೆ

ಮೌನ ತೊಂದರೆಗಳಲ್ಲಿ ಮೊದಲನೆಯದು ಸಾಲಿನ ಕೊನೆ. ವಿಂಡೋಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತುಗಳಿರುತ್ತವೆ. ಮೊಬೈಲಿನಿಂದಲೋ ಲಿನಕ್ಸ್ ಗಣಕದಿಂದಲೋ ಬಂದ ಕಡತದಲ್ಲಿ ಒಂದೇ ಗುರುತು ಇರುವುದುಂಟು. 'ಲೈನ್ ಇನ್‌ಪುಟ್' ಆಜ್ಞೆ ಆ ಒಂಟಿ ಗುರುತನ್ನು ಸಾಲಿನ ಕೊನೆ ಎಂದು ಒಪ್ಪುವುದಿಲ್ಲ. ನಾನೂರು ಸಾಲಿನ ಕಡತವನ್ನು ಅದು ಒಂದೇ ಉದ್ದನೆಯ ಸಾಲಾಗಿ ನುಂಗಿ, 'ಓದಿಯಾಯಿತು' ಎನ್ನುತ್ತದೆ. ಹಾಳೆಯಲ್ಲಿ ಒಂದೇ ಸಾಲು ಬಂದು ಉಳಿದದ್ದು ಕಾಣದಿದ್ದರೆ ಕಾರಣ ಹೆಚ್ಚಾಗಿ ಇದೇ. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕೆಳಗಿನ ಪಟ್ಟಿಯನ್ನು ನೋಡಿದರೆ ಸಾಲಿನ ಕೊನೆ ವಿಂಡೋಸ್ ಬಗೆಯದೋ ಯುನಿಕ್ಸ್ ಬಗೆಯದೋ ಎಂದು ಬರೆದಿರುತ್ತದೆ. ಪರಿಹಾರವೆಂದರೆ ಇಡೀ ಕಡತವನ್ನು ಒಮ್ಮೆಗೇ ಓದಿ, 'ವಿಬಿಸಿಆರ್' ಗುರುತುಗಳನ್ನು ತೆಗೆದು, ಉಳಿದ 'ವಿಬಿಎಲ್ಎಫ್' ಗುರುತಿನಲ್ಲಿ 'ಸ್ಪ್ಲಿಟ್' ಮಾಡುವುದು. ಆಗ ಎರಡು ಬಗೆಯ ಕಡತಗಳೂ ಸರಿಯಾಗಿ ಸಾಲುಸಾಲಾಗುತ್ತವೆ.

ಎರಡನೆಯದು ಅಲ್ಪವಿರಾಮ. 'ಮೇಲಿನ ಬೀದಿ, ತಾಳವಾಡಿ' ಎಂಬ ವಿಳಾಸದ ನಡುವೆ ಒಂದು ಅಲ್ಪವಿರಾಮವಿದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಕಳುಹಿಸಿದ್ದರೂ 'ಸ್ಪ್ಲಿಟ್' ಆಜ್ಞೆಗೆ ಆ ಸೂಕ್ಷ್ಮ ತಿಳಿಯದು. ಅದು ಅಲ್ಲಿಯೂ ಕತ್ತರಿಸುತ್ತದೆ. ಆ ಒಂದು ಮನೆಯವರ ವಿವರ ಮಾತ್ರ ಒಂದು ಕೋಶ ಬಲಕ್ಕೆ ಸರಿದು, ಊರಿನ ಹೆಸರು ದೂರವಾಣಿಯ ಜಾಗದಲ್ಲಿ ಕೂರುತ್ತದೆ. ಕಡತ ತಯಾರಿಸುವವರು ನಿಮ್ಮವರೇ ಆಗಿದ್ದರೆ ಅಲ್ಪವಿರಾಮದ ಬದಲು ಟ್ಯಾಬ್ ಗುರುತಿನಿಂದ ಬೇರ್ಪಡಿಸಲು ಹೇಳಿ. ಅದು ಸಾಧ್ಯವಿಲ್ಲದಿದ್ದರೆ ಪ್ರತಿ ಸಾಲಿನಲ್ಲಿ ಎಷ್ಟು ತುಂಡುಗಳಾದವು ಎಂದು ಮ್ಯಾಕ್ರೋದಿಂದಲೇ ಎಣಿಸಿ, ಹೆಚ್ಚುಕಡಿಮೆಯಾದ ಸಾಲಿಗೆ ಬಣ್ಣ ಹಚ್ಚಿಸಿ. ಆ ಕೆಲವು ಸಾಲುಗಳನ್ನು ಕೈಯಿಂದ ಸರಿಪಡಿಸಬಹುದು.

ಮೂರನೆಯದು ಅಂಕೆಗಳು. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಕೋಶಕ್ಕೆ ಹಾಕಿದರೆ ಎಕ್ಸೆಲ್ ಆ ಸೊನ್ನೆಯನ್ನು ಉದುರಿಸುತ್ತದೆ. ಅದು ಒಂದು ಸಂಖ್ಯೆಯಲ್ಲಿ 15 ಅಂಕೆಗಳನ್ನು ಮಾತ್ರ ನೆನಪಿಡುತ್ತದೆ. 16 ಅಂಕೆಗಳ ಖಾತೆ ಸಂಖ್ಯೆಯಾದರೆ ಕೊನೆಯ ಅಂಕೆ ಸೊನ್ನೆಯಾಗಿಬಿಡುತ್ತದೆ. ನೋಡುವುದಕ್ಕೆ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಆದರೆ ಆ ಖಾತೆ ಆ ತಾಯಿಯದಲ್ಲ. ಇಂಥ ಕಾಲಮುಗಳನ್ನು ಮಾಹಿತಿ ತುಂಬಿಸುವ ಮೊದಲೇ 'ಟೆಕ್ಸ್ಟ್' ಎಂದು ನಿಗದಿಮಾಡಬೇಕು. ತುಂಬಿಸಿದ ಮೇಲೆ ಮಾಡಿದರೆ ಹೋದ ಅಂಕೆ ಹಿಂದಿರುಗದು. ಕೂಡಿಸಿ ಕಳೆಯುವ ಅಗತ್ಯವಿಲ್ಲದ ಯಾವ ಸಂಖ್ಯೆಯೂ ಎಕ್ಸೆಲ್‌ನ ಕಣ್ಣಿಗೆ ಅಕ್ಷರವಾಗಿಯೇ ಇರಲಿ.

ನಾಲ್ಕನೆಯದು ದಿನಾಂಕ. ಇದು ಎಲ್ಲಕ್ಕಿಂತ ನಯವಂಚಕ. ನಾವು ದಿನವನ್ನು ಮೊದಲು, ತಿಂಗಳನ್ನು ನಂತರ ಬರೆಯುತ್ತೇವೆ. ವಿಬಿಎ ಮೂಲಕ ಕಡತವನ್ನು ಹಾಳೆಯಾಗಿ ತೆರೆದಾಗ ಅದು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಓದುತ್ತದೆ. 05/03/2015 ಎಂದು ಬರೆದ ಮಾರ್ಚ್ 5 ಮೇ 3 ಆಗುತ್ತದೆ. 25/03/2015 ಎಂಬುದನ್ನು ಮಾತ್ರ ಅದು ತಿರುಗಿಸಲಾರದು, ಏಕೆಂದರೆ 25ನೆಯ ತಿಂಗಳಿಲ್ಲ. ಆದ್ದರಿಂದ ಅದನ್ನು ಅಕ್ಷರವಾಗಿ ಹಾಗೆಯೇ ಬಿಡುತ್ತದೆ. ಪರಿಣಾಮವಾಗಿ 12ನೆಯ ತಾರೀಖಿನೊಳಗೆ ಹುಟ್ಟಿದ ಮಕ್ಕಳ ದಿನಾಂಕ ಬದಲಾಗಿ, ಉಳಿದವರದು ಸರಿಯಾಗಿರುತ್ತದೆ. ಪಟ್ಟಿಯ ಮೇಲೆ ಕಣ್ಣಾಡಿಸಿದವರಿಗೆ ಸರಿಯಾದವೇ ಮೊದಲು ಕಂಡು ಧೈರ್ಯವಾಗುತ್ತದೆ. ಶಾಲೆಯ ದಾಖಲಾತಿಗೆ ಎರಡು ತಿಂಗಳ ವ್ಯತ್ಯಾಸ ಸಣ್ಣ ವಿಷಯವಲ್ಲ. ಹಾಳೆಯಲ್ಲಿ ಕೆಲವು ದಿನಾಂಕಗಳು ಬಲಕ್ಕೂ ಕೆಲವು ಎಡಕ್ಕೂ ಅಂಟಿಕೊಂಡಿದ್ದರೆ ಇದೇ ರೋಗವೆಂದು ತಿಳಿಯಿರಿ. 'ವರ್ಕ್‌ಬುಕ್ಸ್ ಓಪನ್' ಬಳಸುವವರು 'ಲೋಕಲ್' ಎಂಬ ಆಯ್ಕೆಗೆ 'ಟ್ರೂ' ಎಂದು ಕೊಟ್ಟರೆ ಅದು ನಿಮ್ಮ ಗಣಕದಲ್ಲಿ ನಿಗದಿಯಾದ ಪದ್ಧತಿಯನ್ನು ಅನುಸರಿಸುತ್ತದೆ. ಸಾಲುಸಾಲಾಗಿ ಓದುವವರು ದಿನ, ತಿಂಗಳು, ವರ್ಷಗಳನ್ನು ಬೇರೆಬೇರೆ ತೆಗೆದು 'ಡೇಟ್‌ಸೀರಿಯಲ್' ಆಜ್ಞೆಗೆ ಕೊಟ್ಟರೆ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಎಕ್ಸೆಲ್‌ನ ಈ ಸ್ವಂತ ಬುದ್ಧಿಯಿಂದ ವಿಜ್ಞಾನಿಗಳೂ ಬೇಸತ್ತಿದ್ದಾರೆ. ಮಾನವನ ಕೆಲವು ವಂಶವಾಹಿಗಳ ಗುರುತುಗಳು 'ಮಾರ್ಚ್ 1', 'ಸೆಪ್ಟ್ 1' ಎಂಬಂತಿದ್ದವು. ಎಕ್ಸೆಲ್ ಅವನ್ನು ತಾರೀಖುಗಳೆಂದು ತಿಳಿದು ಬದಲಾಯಿಸುತ್ತಿತ್ತು. ಕೊನೆಗೆ ವಂಶವಾಹಿಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಿದ್ದನ್ನು ಪ್ರಕಟಿಸಿತು. 2023ರಲ್ಲಿ ಮೈಕ್ರೋಸಾಫ್ಟ್ ಈ ತಾನಾಗಿ ಬದಲಾಯಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆಗಳನ್ನು ಹೊಸ ಎಕ್ಸೆಲ್‌ಗೆ ಸೇರಿಸಿತು. ಹಳೆಯ ಆವೃತ್ತಿಗಳಲ್ಲಿ ನಮ್ಮ ಎಚ್ಚರವೇ ನಮಗೆ ರಕ್ಷೆ.

ಕನ್ನಡ ಅಕ್ಷರ ಕೆಟ್ಟರೆ

ಗಡಿಭಾಗದಲ್ಲಿರುವ ನಮಗೆ ಬಹಳ ಮುಖ್ಯವಾದದ್ದು ಇದು. ನಮ್ಮ ಪಟ್ಟಿಗಳಲ್ಲಿ ಮನೆಯವರ ಹೆಸರು ಕನ್ನಡದಲ್ಲಿ, ಪಂಚಾಯತಿಯ ಹೆಸರು ಮಲಯಾಳದಲ್ಲೋ ತಮಿಳಿನಲ್ಲೋ, ಇನ್ನೊಂದು ಕಡೆ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ. ಈ ಕಡತವನ್ನು 'ಓಪನ್' ಆಜ್ಞೆಯಿಂದ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬರುತ್ತವೆ.

ಕಾರಣ ಇಷ್ಟೇ. ಇಂದಿನ ಕಡತಗಳು ಹೆಚ್ಚಾಗಿ ಯುಟಿಎಫ್-8 ಎಂಬ ಕ್ರಮದಲ್ಲಿ ಇರುತ್ತವೆ. ಅದರಲ್ಲಿ 'ಕ' ಎಂಬ ಒಂದು ಅಕ್ಷರ ಮೂರು ಬೈಟುಗಳಾಗಿ ಕುಳಿತಿರುತ್ತದೆ. ವಿಬಿಎಯ ಹಳೆಯ 'ಓಪನ್' ಆಜ್ಞೆ ಒಂದೊಂದು ಬೈಟನ್ನೂ ಒಂದೊಂದು ಇಂಗ್ಲಿಷ್ ಕಾಲದ ಅಕ್ಷರವೆಂದು ತಿಳಿದು ಮೂರು ಅಕ್ಷರಗಳನ್ನು ಬರೆಯುತ್ತದೆ. ಆದರೆ ಈ ಚೆಲ್ಲಾಪಿಲ್ಲಿಯಲ್ಲೂ ಒಂದು ಕ್ರಮವಿದೆ. ಸಾಮಾನ್ಯ ಇಂಗ್ಲಿಷ್ ವಿಂಡೋಸ್‌ನಲ್ಲಿ ಪ್ರತಿ ಅಕ್ಷರವೂ ತಲೆಯ ಮೇಲೆ ಓರೆಗೀಟು ಹೊತ್ತ ಚಿಕ್ಕ ಇಂಗ್ಲಿಷ್ 'ಎ'ಯಿಂದ ಆರಂಭವಾಗುತ್ತದೆ. ಅದರ ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3 ಇದ್ದರೆ ಮೂಲದಲ್ಲಿ ಇದ್ದದ್ದು ಕನ್ನಡ. ವೃತ್ತದೊಳಗಿನ 'ಆರ್' ಆಗಾಗ ಬಂದರೆ ತಮಿಳು. ಉಷ್ಣಾಂಶದ ಪುಟ್ಟ ಸೊನ್ನೆ ಅಥವಾ ಕೂಡು-ಕಳೆ ಚಿಹ್ನೆ ಬಂದರೆ ತೆಲುಗು. ಜಪಾನಿನ ಯೆನ್ ನಾಣ್ಯದ ಗುರುತು ಆಗಾಗ ಕಂಡರೆ ಮರಾಠಿಯ ದೇವನಾಗರಿ.

ಇಲ್ಲಿ ನೆನಪಿಡಬೇಕಾದ ಮುಖ್ಯ ಭೇದವೊಂದಿದೆ. ಹೀಗೆ ವಿಚಿತ್ರ ಅಕ್ಷರಗಳು ಕಂಡರೆ ಮೂಲ ಕಡತ ಕೆಟ್ಟಿಲ್ಲ, ಓದಿದ ರೀತಿ ಮಾತ್ರ ತಪ್ಪು. ಸರಿಯಾಗಿ ಓದಿದರೆ ಕನ್ನಡ ಹಿಂದಿರುಗುತ್ತದೆ. ಆದರೆ ಕಡತವನ್ನೇ ತೆರೆದು ನೋಡಿದಾಗ ಹೆಸರುಗಳ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಯಾರೋ ಅದನ್ನು ಕನ್ನಡ ತಿಳಿಯದ ಕ್ರಮದಲ್ಲಿ ಉಳಿಸಿದ್ದಾರೆ ಎಂದರ್ಥ. ಅದರಲ್ಲಿ ಹೆಸರುಗಳು ಈಗ ಇಲ್ಲ, ಯಾವ ಮ್ಯಾಕ್ರೋವೂ ಅವನ್ನು ಮರಳಿ ತರಲಾರದು. ಮೂಲ ಪ್ರತಿಯನ್ನೇ ಕೇಳಿ ತರಿಸಬೇಕು. ಮೂಲ ಕಡತವನ್ನು ಮುಟ್ಟದೆ ಅದರ ನಕಲಿನ ಮೇಲೆ ಮಾತ್ರ ಕೆಲಸಮಾಡಬೇಕು ಎನ್ನುವುದು ಇದಕ್ಕಾಗಿಯೇ.

ವಿಂಡೋಸ್ ಗಣಕಗಳಲ್ಲಿ ಇದಕ್ಕೆ ಪರಿಹಾರ 'ಎಡಿಓಡಿಬಿ ಸ್ಟ್ರೀಮ್' ಎಂಬ ಸಾಧನ. 'ಕ್ರಿಯೇಟ್‌ಆಬ್ಜೆಕ್ಟ್' ಆಜ್ಞೆಯಿಂದ ಅದನ್ನು ಕರೆಸಿ, 'ಟೈಪ್' 2 ಎಂದು, 'ಚಾರ್‌ಸೆಟ್' ಯುಟಿಎಫ್-8 ಎಂದು ಕೊಟ್ಟು, 'ಓಪನ್' ಮಾಡಿ, 'ಲೋಡ್‌ಫ್ರಮ್‌ಫೈಲ್' ಮೂಲಕ ಕಡತವನ್ನು ತುಂಬಿ, 'ರೀಡ್‌ಟೆಕ್ಸ್ಟ್' ಎಂದರೆ ಪೂರ್ತಿ ಪಠ್ಯ ಸರಿಯಾದ ಕನ್ನಡದಲ್ಲಿ ಕೈಗೆ ಬರುತ್ತದೆ. ಅದನ್ನು ಮೇಲೆ ಹೇಳಿದಂತೆ ಸಾಲುಸಾಲಾಗಿ ಬಿಡಿಸಬಹುದು. 'ಫೈಲ್‌ಸಿಸ್ಟಮ್‌ಆಬ್ಜೆಕ್ಟ್' ಎಂಬ ಇನ್ನೊಂದು ಸಾಧನದಲ್ಲಿಯೂ 'ಯುನಿಕೋಡ್' ಎಂಬ ಆಯ್ಕೆಯಿದೆ. ಆದರೆ ಅದು ಯುಟಿಎಫ್-16 ಎಂಬ ಬೇರೆ ಕ್ರಮ. ಹೆಸರು ಕೇಳಿ ಮೋಸಹೋಗಬಾರದು.

ಇನ್ನು ಮೂರು ಸಣ್ಣ ಸಂಗತಿಗಳು. ವಿಬಿಎ ಕಿಟಕಿಯಲ್ಲಿ ಕನ್ನಡ ಟೈಪು ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕನ್ನಡ ಪದದೊಂದಿಗೆ ಹೋಲಿಸಬೇಕಿದ್ದರೆ ಆ ಪದವನ್ನು ಹಾಳೆಯ ಒಂದು ಕೋಶದಲ್ಲಿ ಬರೆದಿಟ್ಟು ಅಲ್ಲಿಂದ ಓದಿಸಿ. ಹಾಗೆಯೇ 'ಎಂಎಸ್‌ಜಿಬಾಕ್ಸ್' ಕಿಟಕಿಯೂ ಕನ್ನಡವನ್ನು ತೋರಿಸಲಾರದು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡ ಮಾತ್ರಕ್ಕೆ ಮಾಹಿತಿ ಹೋಯಿತೆಂದು ಹೆದರಬೇಡಿ, ಕೋಶದಲ್ಲಿ ಹಾಕಿ ನೋಡಿ. ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳಲ್ಲಿ ಇಡುವುದು ಒಳ್ಳೆಯದು, ಏಕೆಂದರೆ 'ಡಿಐಆರ್' ಮುಂತಾದ ಹಳೆಯ ಆಜ್ಞೆಗಳಿಗೆ ಕನ್ನಡದ ಹೆಸರು ಓದಲು ಬಾರದು.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದಿಟ್ಟ ಪಟ್ಟಿಗಳ ಕಥೆ ಬೇರೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಫಾಂಟಿನ ವೇಷ ಮಾತ್ರ ಕನ್ನಡ. ಅವನ್ನು ಮೊದಲು ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಾಯಿಸಿಕೊಂಡು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿನಿಂದ ಓದಿ ನೋಡಿ, ನಂತರ ಮ್ಯಾಕ್ರೋಗೆ ಕೊಡಬೇಕು.

ಲೆಕ್ಕ ತಾಳೆಯಾಗಲಿ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮ್ಯಾಕ್ರೋ ಓಡಿ ಮುಗಿದ ಮೇಲೆ ಈ ನಾಲ್ಕನ್ನು ತಪ್ಪದೆ ನೋಡಿ.

ಮೊದಲನೆಯದಾಗಿ, ಕಡತದಲ್ಲಿ ಎಷ್ಟು ಸಾಲು, ಹಾಳೆಯಲ್ಲಿ ಎಷ್ಟು ಸಾಲು ಎಂಬುದನ್ನು ಮ್ಯಾಕ್ರೋ ತಾನೇ ಎಣಿಸಿ ಕೊನೆಯಲ್ಲಿ ತಿಳಿಸಲಿ. ತಲೆಬರಹದ ಸಾಲು ಸೇರಿ ಕಡತದಲ್ಲಿ 413 ಇದ್ದರೆ ಕುಟುಂಬಗಳು 412 ಇರಲೇಬೇಕು. ಒಂದು ಕಡಿಮೆಯಾದರೂ ಅದು ಯಾರ ಮನೆ ಎಂದು ಹುಡುಕಿಯೇ ಮುಂದುವರಿಯಬೇಕು.

ಎರಡನೆಯದಾಗಿ, ಹಣದ ಕಾಲಮಿದ್ದರೆ ಅದರ ಒಟ್ಟು ಮೊತ್ತ ಕಳುಹಿಸಿದವರು ಹೇಳಿದ ಮೊತ್ತಕ್ಕೆ ಸರಿಹೊಂದಬೇಕು.

ಮೂರನೆಯದಾಗಿ, ಮೊದಲನೆಯ ಸಾಲು, ಕೊನೆಯ ಸಾಲು ಮತ್ತು ನಡುವಿನ ಯಾವುದಾದರೂ ಮೂರು ಸಾಲುಗಳನ್ನು ಮೂಲದೊಂದಿಗೆ ಬೆರಳಿಟ್ಟು ಹೋಲಿಸಿ. ತೊಂದರೆಗಳು ಹೆಚ್ಚಾಗಿ ಮನೆಮಾಡುವುದು ಈ ಎರಡು ತುದಿಗಳಲ್ಲಿಯೇ. ಮೊದಲ ಸಾಲಿನ ಮೊದಲ ಪದದ ಹಿಂದೆ ಮೂರು ವಿಚಿತ್ರ ಗುರುತುಗಳು ಕಂಡರೆ, ಅದು ಯುಟಿಎಫ್-8 ಎಂದು ಸಾರುವ ಆರಂಭದ ಗುರುತನ್ನು ಹಳೆಯ ಆಜ್ಞೆ ಅಕ್ಷರವೆಂದು ಓದಿದ್ದರಿಂದ.

ನಾಲ್ಕನೆಯದಾಗಿ, ಅಪರಿಚಿತರು ಕೊಟ್ಟ ಮ್ಯಾಕ್ರೋಗಳನ್ನು ಈ ಪಟ್ಟಿಗಳ ಹತ್ತಿರ ಬಿಡಬೇಡಿ. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು 2022ರಿಂದ ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತಿದೆ. ಕಡತದ 'ಪ್ರಾಪರ್ಟೀಸ್'ನಲ್ಲಿ 'ಅನ್‌ಬ್ಲಾಕ್' ಗುರುತುಮಾಡಿ ಆ ತಡೆಯನ್ನು ತೆಗೆಯಬಹುದು ನಿಜ. ಆದರೆ ಬರೆದವರು ಯಾರೆಂದು ತಿಳಿದಿದ್ದರೆ ಮಾತ್ರ ತೆಗೆಯಿರಿ.

ಈ ತಿಂಗಳು ನಮ್ಮ ಯುವಜನರಿಗೆ ಒಂದು ಸಣ್ಣ ಅಭ್ಯಾಸವನ್ನು ಸೂಚಿಸುತ್ತೇವೆ. ನೋಟ್‌ಪ್ಯಾಡ್‌ನಲ್ಲಿ ಐದೇ ಸಾಲಿನ ಒಂದು ಪರೀಕ್ಷಾ ಕಡತವನ್ನು ಮಾಡಿ. ಒಂದು ಸಾಲಿನಲ್ಲಿ ಒತ್ತಕ್ಷರವಿರುವ ಕನ್ನಡ ಹೆಸರು, ಇನ್ನೊಂದರಲ್ಲಿ ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮವಿರುವ ವಿಳಾಸ, ಮೂರನೆಯದರಲ್ಲಿ ಸೊನ್ನೆಯಿಂದ ಆರಂಭವಾಗುವ 16 ಅಂಕೆಯ ಸಂಖ್ಯೆ, ನಾಲ್ಕನೆಯದರಲ್ಲಿ 05/03/2015 ಎಂಬ ದಿನಾಂಕ ಇರಲಿ. ಐದನೆಯ ಸಾಲಿನಲ್ಲಿ ಬೇಕೆಂದೇ ಒಂದು ವಿವರವನ್ನು ಬಿಟ್ಟುಬಿಡಿ. ನಿಮ್ಮ ಮ್ಯಾಕ್ರೋಗೆ ಅದನ್ನು ಓದಲು ಕೊಡಿ. ನಾಲ್ಕು ಸಾಲನ್ನು ಸರಿಯಾಗಿ ಓದಿ, ಐದನೆಯದರಲ್ಲಿ 'ಇಲ್ಲಿ ಏನೋ ಕೊರತೆಯಿದೆ' ಎಂದು ಅದು ಕೂಗಿ ಹೇಳಿದರೆ ಊರಿನ ಪಟ್ಟಿಯನ್ನು ಧೈರ್ಯವಾಗಿ ಅದರ ಕೈಗೆ ಕೊಡಬಹುದು. ಸುಮ್ಮನೆ ಐದೂ ಸಾಲು ಓದಿ ಮುಗಿಸಿದರೆ ಇನ್ನೂ ಕೊಡಬೇಡಿ.